ಹೇಮಾವತಿ ಇಳಿದಿರುವಾಗಲೇ

ತಮ್ಮ: ಅಕ್ಕ, ಮಕ್ಕಳಿಗೆ ಮೇ ಕೊನೆಯವರೆಗೂ ರಜೆ. ಮನೆಯಲ್ಲಿ ಕೂರಿಸಿದರೆ ಮೊಬೈಲ್ ಬಿಟ್ಟು ಏಳಲ್ಲ. ಮೈಸೂರಿನ ಕಡೆ ನೀರಾಟದ ಪಾರ್ಕಿಗೆ ಒಂದು ದಿನ, ಆಮೇಲೆ ಮಂಗಳೂರಿನ ಸಮುದ್ರಕ್ಕೆ ಹೋಗಿ ಬರೋಣ ಅಂದ್ಕೊಂಡಿದ್ದೀನಿ. ನೀನೂ ಮಕ್ಕಳನ್ನ ಕರ್ಕೊಂಡು ಬಾ.

ಅಕ್ಕ: ಸಮುದ್ರ ತೋರಿಸು, ಬೇಡ ಅನ್ನಲ್ಲ. ಆದರೆ ನೀನು ಹೊಳೆನರಸೀಪುರಕ್ಕೆ ಬಂದು ಮನೆ ಮಾಡಿದ ಮೇಲೆ ಇದು ಮೊದಲನೇ ಬೇಸಿಗೆ. ಮನೆಯಿಂದ ಹೊಳೆ ಎಷ್ಟು ದೂರ? ನಡೆದು ಹೋಗೋ ದಾರಿ. ಮಗಳು ಅದನ್ನ ಎಷ್ಟು ಸಲ ನೋಡಿದ್ದಾಳೆ?

ತಮ್ಮ: ನರಸಿಂಹಸ್ವಾಮಿ ದೇವಸ್ಥಾನಕ್ಕೆ ಹೋದಾಗ ನೋಡಿದ್ದಾಳೆ. ಈಗ ಏನಿದೆ ಅಕ್ಕ ಅಲ್ಲಿ? ಬಂಡೆ, ಮರಳು, ನಡುವೆ ಒಂದಿಷ್ಟು ನೀರು. ಮಳೆಗಾಲದಲ್ಲಾದರೆ ಸೇತುವೆ ಮೇಲೆ ನಿಂತು ನೋಡೋ ಹಾಗಿರುತ್ತೆ.

ಅಕ್ಕ: ತುಂಬಿದ ಹೊಳೆಯನ್ನ ಎಲ್ಲರೂ ನೋಡ್ತಾರೆ. ಇಳಿದ ಹೊಳೆಯನ್ನ ಮಕ್ಕಳಿಗೆ ತೋರಿಸಬೇಕು ಅನ್ನೋದು ನನ್ನ ಮಾತು. ನಮ್ಮ ಸೀಮೆಯ ಮಕ್ಕಳಿಗೆ ನೀರು ಅಂದರೇನು ಅಂತ ತಿಳಿಸೋಕೆ ಇದಕ್ಕಿಂತ ಒಳ್ಳೆ ಕಾಲ ಇಲ್ಲ. ಏಪ್ರಿಲ್, ಮೇನಲ್ಲಿ ಎಲ್ಲ ಬಯಲಿಗೆ ಬಿದ್ದಿರುತ್ತೆ. ಹೊಳೆಯ ತಳ ಕಾಣುತ್ತೆ, ಕೆರೆಯ ತೂಬು ಕಾಣುತ್ತೆ, ಮುಳುಗಿದ ಊರು ಕಾಣುತ್ತೆ.

ತಮ್ಮ: ಮುಳುಗಿದ ಊರು ಅಂದರೆ ಶೆಟ್ಟಿಹಳ್ಳಿ ಚರ್ಚಾ? ಅದರ ಫೋಟೋ ಬೇಕಾದಷ್ಟು ನೋಡಿದ್ದೀನಿ.

ಅಕ್ಕ: ಫೋಟೋದಲ್ಲಿ ಕಮಾನು ಕಾಣುತ್ತೆ, ಊರು ಕಾಣಲ್ಲ. ಫ್ರೆಂಚ್ ಪಾದ್ರಿಗಳು 1860ರ ದಶಕದಲ್ಲಿ ಕಟ್ಟಿಸಿದ ಚರ್ಚು ಅದು. ಸುತ್ತ ಜನ ಇದ್ದರು, ಹೊಲ ಇತ್ತು, ಭಾನುವಾರ ಪೂಜೆ ನಡೀತಿತ್ತು. ಗೊರೂರಿನಲ್ಲಿ ಹೇಮಾವತಿಗೆ ಅಡ್ಡ ಕಟ್ಟಿದ ಅಣೆಕಟ್ಟೆ 1979ರಲ್ಲಿ ಮುಗೀತು. ಹಿನ್ನೀರು ಹರಡಿಕೊಂಡ ಕಡೆಯ ಹಳ್ಳಿಯವರೆಲ್ಲ ಗಂಟುಮೂಟೆ ಕಟ್ಟಿ ಬೇರೆ ಜಾಗಕ್ಕೆ ಹೋದರು. ಅವತ್ತಿಂದ ಆ ಗೋಡೆಗಳು ಮಳೆಗಾಲದಲ್ಲಿ ನೀರಲ್ಲಿ ಮುಳುಗೋದು, ಬೇಸಿಗೆಗೆ ಮೇಲೆ ಬರೋದು. ನಾವು ಬೇಸಿಗೆಯಲ್ಲಿ ಹೋದರೆ ನೀರು ನಿಲ್ಲೋ ಜಾಗದಲ್ಲೇ ಕಾಲಿಟ್ಟು ನಡೀಬಹುದು. ಮಗಳಿಗೆ ಅಲ್ಲಿ ನಿಂತು ಹೇಳು: ನಮ್ಮ ಮನೆ ನಲ್ಲಿಯಲ್ಲಿ ಬರೋದು ಈ ಹೊಳೆಯ ನೀರೇ, ಕಾಲುವೆಯಲ್ಲಿ ತುಮಕೂರಿನವರೆಗೂ ಹೋಗೋದು ಈ ನೀರೇ, ಅದು ನಿಂತಿರೋದು ಯಾರದೋ ಮನೆ ಅಂಗಳದ ಮೇಲೆ.

ತಮ್ಮ: ಏಳು ವರ್ಷದ ಮಗುವಿಗೆ ಇಷ್ಟೆಲ್ಲ ಹೇಳಬೇಕಾ?

ಅಕ್ಕ: ಹೇಳಬೇಕು. ಮಕ್ಕಳು ಇದನ್ನ ನಮಗಿಂತ ಚೆನ್ನಾಗಿ ಹಿಡ್ಕೋತಾರೆ. "ಅವರ ಮನೆಯಲ್ಲಿದ್ದ ನಾಯಿ ಎಲ್ಲಿಗೆ ಹೋಯ್ತು?" ಅಂತ ನನ್ನ ಚಿಕ್ಕ ಮಗ ಕೇಳಿದ್ದ. ಅಣೆಕಟ್ಟೆ ಬಗ್ಗೆ ಬಂದಿರೋ ವರದಿಗಳಲ್ಲಿ ಆ ಪ್ರಶ್ನೆ ಇರೋದಿಲ್ಲ. ಒಂದು ಎಚ್ಚರ ಮಾತ್ರ ಇರಲಿ. ಗೋಡೆಗಳು ನೀರಲ್ಲಿ ನೆನೆದು ಒಣಗಿ ಸಡಿಲ ಆಗಿವೆ, ಕೆಲವು ಕಡೆ ಬಿದ್ದೂ ಹೋಗಿವೆ. ಕಮಾನಿನ ಕೆಳಗೆ ಮಕ್ಕಳನ್ನ ನಿಲ್ಲಿಸಿ ಫೋಟೋ ತೆಗೆಯೋದು ಬೇಡ. ದೂರದಿಂದ ನೋಡಿ.

ತಮ್ಮ: ಸರಿ. ಮತ್ತೆ ಗೊರೂರು?

ಅಕ್ಕ: ಗೊರೂರು ಅದೇ ದಾರಿಯಲ್ಲೇ ಆಗುತ್ತೆ. ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರು 1904ರಲ್ಲಿ ಹುಟ್ಟಿದ ಊರು. ಇದೇ ಹೊಳೆದಂಡೆಯ ಜನರನ್ನ ಅವರು "ಹಳ್ಳಿಯ ಚಿತ್ರಗಳು", "ನಮ್ಮ ಊರಿನ ರಸಿಕರು" ಪುಸ್ತಕಗಳಲ್ಲಿ ಬರೆದಿಟ್ಟರು. ಮಧ್ಯಾಹ್ನ ಬಿಸಿಲಲ್ಲಿ ಮಕ್ಕಳು ಒಳಗೇ ಇರಬೇಕಲ್ಲ, ಆಗ ಒಂದೊಂದು ಪ್ರಬಂಧ ಗಟ್ಟಿಯಾಗಿ ಓದಿ ಹೇಳು. ಓದಿದ ಊರನ್ನ ಆಮೇಲೆ ನೋಡಿದರೆ ಮಕ್ಕಳ ಕಣ್ಣು ಬೇರೆ ಥರ ಇರುತ್ತೆ.

ತಮ್ಮ: ಮಧ್ಯಾಹ್ನದ ಮಾತು ನೀನೇ ತೆಗೆದೆ. ಹನ್ನೊಂದರಿಂದ ನಾಲ್ಕರವರೆಗೆ ಏನು ಮಾಡಿಸೋದು ಅನ್ನೋದೇ ನಮಗೆ ದೊಡ್ಡ ತಲೆನೋವು. ಹಾಸನಕ್ಕಿಂತ ಇಲ್ಲಿ ಸೆಕೆ ಜಾಸ್ತಿ.

ಅಕ್ಕ: ಬೇಸಿಗೆಯಲ್ಲಿ ದಿನವನ್ನ ಎರಡು ತುಂಡು ಮಾಡ್ಕೋಬೇಕು ಕಣೋ. ಬೆಳಗ್ಗೆ ಆರರಿಂದ ಹತ್ತು, ಸಂಜೆ ನಾಲ್ಕೂವರೆಯಿಂದ ಕತ್ತಲಾಗೋವರೆಗೆ. ಹೊರಗಿನ ಕೆಲಸ, ತಿರುಗಾಟ, ಗಿಡದ ಕೆಲಸ ಎಲ್ಲ ಇದರಲ್ಲೇ ಮುಗೀಬೇಕು. ನಡುವಿನ ಹೊತ್ತು ನೆರಳಿನದ್ದು. ಚೌಕಾಬಾರ, ಹುಣಸೆಬೀಜ ಹಾಕಿ ಅಳಿಗುಳಿಮಣೆ, ಓದು, ನಿದ್ದೆ. ನಮ್ಮಮ್ಮ ಹಾಗೇ ನಡೆಸ್ತಿದ್ದರು. ನೀನು ಇಡೀ ದಿನವನ್ನ ಒಂದೇ ಸಮ ಎಳೀತಿದ್ದೀಯ, ಅದಕ್ಕೇ ಮಕ್ಕಳು ರಚ್ಚೆ ಹಿಡೀತಾರೆ.

ತಮ್ಮ: ಶ್ರವಣಬೆಳಗೊಳಕ್ಕೂ ಇದೇ ಲೆಕ್ಕವಾ?

ಅಕ್ಕ: ಅದಕ್ಕಂತೂ ಇನ್ನೂ ಹೆಚ್ಚು. ವಿಂಧ್ಯಗಿರಿಗೆ ಆರುನೂರಕ್ಕೂ ಮೇಲೆ ಮೆಟ್ಟಿಲು, ಬಂಡೆಯಲ್ಲೇ ಕಡಿದದ್ದು, ಬರಿಗಾಲಲ್ಲಿ ಹತ್ತಬೇಕು. ಹತ್ತು ಗಂಟೆ ಆದಮೇಲೆ ಕಾಲಿಡೋಕೆ ಆಗಲ್ಲ. ಹೊಳೆನರಸೀಪುರದಿಂದ ಕತ್ತಲಲ್ಲೇ ಹೊರಡಿ, ಬೆಳಕು ಹರಿಯೋ ಹೊತ್ತಿಗೆ ಕಲ್ಯಾಣಿ ಹತ್ತಿರ ಇರಬೇಕು. ಎಳೆ ಬಿಸಿಲು ಗೊಮ್ಮಟನ ಮುಖಕ್ಕೆ ಬೀಳೋದನ್ನ ನೋಡಿ ಇಳಿದುಬಿಡಿ. ಚಾವುಂಡರಾಯ ಮಾಡಿಸಿದ್ದು, ಸುಮಾರು 981ರ ಕಾಲದ್ದು, 57 ಅಡಿ ಅಂತೆಲ್ಲ ಆಮೇಲೆ ಹೇಳಬಹುದು. ಮೊದಲು ಮಕ್ಕಳು ಸುಮ್ಮನೆ ತಲೆ ಎತ್ತಿ ನೋಡಲಿ. ಮೇಲಿಂದ ಚನ್ನರಾಯಪಟ್ಟಣದ ಕಡೆಯ ತೆಂಗಿನ ತೋಟಗಳನ್ನೂ ಕೆರೆಗಳನ್ನೂ ತೋರಿಸು. ಯಾವ ಕೆರೆಯಲ್ಲಿ ನೀರಿದೆ, ಯಾವುದು ಬತ್ತಿದೆ ಅಂತ ಅವರೇ ಗುರುತು ಮಾಡಲಿ.

ತಮ್ಮ: ವಾಪಸ್ ಬರೋವಾಗ ನುಗ್ಗೇಹಳ್ಳಿ ನೋಡಬಹುದು ಅಂತ ಯಾರೋ ಹೇಳಿದರು.

ಅಕ್ಕ: ಚನ್ನರಾಯಪಟ್ಟಣ ತಾಲ್ಲೂಕೇ ಆದರೂ ದಾರಿ ಬೇರೆ. 1246ರ ಗುಡಿ, ಹೊಯ್ಸಳರ ದಂಡನಾಯಕ ಬೊಮ್ಮಣ್ಣ ಕಟ್ಟಿಸಿದ್ದು. ಕಲ್ಲಿನ ಒಳಗೆ ತಂಪಾಗಿರುತ್ತೆ. ಅದನ್ನ ಇನ್ನೊಂದು ದಿನಕ್ಕೆ ಇಟ್ಕೋ. ಒಂದೇ ದಿನ ಎರಡು ಜಾಗ ತುರುಕಿದರೆ ನಿನ್ನ ಚಿಕ್ಕೋನು ಕಾರಲ್ಲೇ ಅಳ್ತಾನೆ, ನೀವು ಗಂಡ ಹೆಂಡತಿ ಒಬ್ಬರ ಮೇಲೊಬ್ಬರು ರೇಗ್ತೀರಿ.

ತಮ್ಮ: ರೇಗೋ ವಿಷಯಕ್ಕೆ ಬಂದರೆ, ನನ್ನ ಹೆಂಡತಿ ನಿನ್ನೆ ಒಂದು ಮಾತು ಹೇಳಿದಳು. "ನಿಮಗೆಲ್ಲ ಪ್ರವಾಸ, ನನಗೆ ಅದು ಅಡಿಗೆಮನೆಯ ಓವರ್‌ಟೈಮ್" ಅಂತ.

ಅಕ್ಕ: ಸರಿಯಾಗೇ ಹೇಳಿದ್ದಾಳೆ. ನಾಲ್ಕು ಗಂಟೆಗೆ ಎದ್ದು ಬುತ್ತಿ ಕಟ್ಟೋಳು ಅವಳು, ಮಕ್ಕಳ ಬಟ್ಟೆ ಜೋಡಿಸೋಳು ಅವಳು, ಬಂದಮೇಲೆ ಡಬ್ಬಿ ತೊಳೆಯೋಳೂ ಅವಳೇ. ಅದು ಅವಳಿಗೆ ರಜೆ ಹೇಗಾಗುತ್ತೆ? ಮಾವಿನಕಾಯಿ ಚಿತ್ರಾನ್ನ ಮಾಡೋಕೆ ನಿನಗೆ ಬರುತ್ತಲ್ಲ? ರಾತ್ರಿಯೇ ಅನ್ನ ಉದುರುದುರಾಗಿ ಮಾಡಿ ಹರಡಿಡು, ಕಾಯಿ ತುರಿದಿಡು, ಬೆಳಗ್ಗೆ ಒಗ್ಗರಣೆ ಹಾಕಿ ಕಲಸು. ಮೊಸರನ್ನಕ್ಕೆ ಹಾಲು ಜಾಸ್ತಿ ಹಾಕಿ ಚೂರು ಹೆಪ್ಪು ಬಿಡು, ಮಧ್ಯಾಹ್ನದ ಹೊತ್ತಿಗೆ ಹುಳಿ ಬರಲ್ಲ. ಮಜ್ಜಿಗೆಗೆ ಶುಂಠಿ ಜಜ್ಜೋದು ಮಗಳಿಗೆ ಬಿಡು. ನಿನ್ನ ಹೆಂಡತಿ ಆರು ಗಂಟೆಗೆ ಎದ್ದು ತಲೆ ಬಾಚಿಕೊಂಡು ಗಾಡಿ ಹತ್ತಲಿ. ಇದಾಗದಿದ್ದರೆ ಎಲ್ಲಿಗೂ ಹೋಗಬೇಡಿ.

ತಮ್ಮ: ಆಯ್ತು, ಬುತ್ತಿ ನನ್ನದು. ಈಗ ಹಿತ್ತಲ ಮಾತು. ಬಾಡಿಗೆ ಮನೆ ಆದರೂ ಹಿಂದೆ ಒಳ್ಳೆ ಜಾಗ ಇದೆ. ಒಂದು ತೆಂಗಿನ ಮರ, ಕರಿಬೇವು, ಮಿಕ್ಕಿದ್ದು ಬಂಜರು. ಮಕ್ಕಳ ಕೈಲಿ ಏನಾದರೂ ಹಾಕಿಸಬೇಕು ಅಂತ ಆಸೆ. ಈ ಬಿಸಿಲಲ್ಲಿ ಆಗುತ್ತಾ?

ಅಕ್ಕ: ಏಪ್ರಿಲ್ ಮಧ್ಯದಲ್ಲಿ ನೆಲ ತಯಾರು ಮಾಡು, ಬೀಜಕ್ಕೆ ಭರಣಿ ಮಳೆ ಕಾಯಿ. ಏಪ್ರಿಲ್ ಕೊನೆಯಿಂದ ಮೇ ಹತ್ತರ ಸುಮಾರಿಗೆ ಆ ನಕ್ಷತ್ರ. ಒಂದು ಒಳ್ಳೆ ಮಳೆ ಬಿದ್ದು ನೆಲ ನೆಂದರೆ ಹೀರೆ, ಸೋರೆ, ಪಡವಲ, ಕುಂಬಳ ಎಲ್ಲ ಊರಬಹುದು. ಬೀಜ ಹಿಂದಿನ ರಾತ್ರಿ ನೆನೆಹಾಕಬೇಕು. ಗುಣಿಗೆ ಕೊಟ್ಟಿಗೆ ಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ. ಒಂದು ಗುಣಿಗೆ ಮೂರು ಬೀಜ ಹಾಕಿ, ಗಟ್ಟಿಯಾಗಿ ಬಂದದ್ದನ್ನ ಉಳಿಸ್ಕೊಂಡು ಮಿಕ್ಕಿದ್ದನ್ನ ಕಿತ್ತುಬಿಡಬೇಕು. ಕೀಳೋ ದಿನ ಮಗಳು ಬೇಜಾರು ಮಾಡ್ಕೋತಾಳೆ, ಅವಳ ಹತ್ತಿರವೇ ಮಾತಾಡಿ ಕೀಳಿಸು.

ತಮ್ಮ: ನೀರು? ನಲ್ಲಿ ನೀರು ದಿನಾ ಬರಲ್ಲ.

ಅಕ್ಕ: ಅದಕ್ಕೇ ಹೇಳೋದು, ಬೇಸಿಗೆಯ ತೋಟವೇ ನೀರಿನ ಪಾಠ ಅಂತ. ಮನೆಯಲ್ಲಿ ಒಂದು ಸಲ ಬಳಸಿದ ನೀರು ಎಷ್ಟು ಹೋಗುತ್ತೆ ಅಂತ ಒಂದು ದಿನ ಬಕೆಟ್‌ನಲ್ಲಿ ಹಿಡಿದು ನೋಡಿ. ಅಕ್ಕಿ ತೊಳೆದದ್ದು, ಬೇಳೆ ತೊಳೆದದ್ದು, ತರಕಾರಿ ತೊಳೆದದ್ದು ಸೊಪ್ಪಿನ ಮಡಿಗೆ. ಸೋಪಿನ ಬಚ್ಚಲ ನೀರು ಸೊಪ್ಪಿಗೆ ಬೇಡ, ತೆಂಗಿನ ಬುಡಕ್ಕೆ ಬಿಡು. ಚನ್ನರಾಯಪಟ್ಟಣದ ಕಡೆ ತೆಂಗಿನ ತೋಟದವರು ಮಾಡೋದನ್ನ ನೋಡಿದ್ದೀಯಾ? ತೆಂಗಿನ ಸಿಪ್ಪೆಯನ್ನ ಗುಂಡಿಯಲ್ಲಿ ಒಳಮೈ ಮೇಲಾಗಿ ಜೋಡಿಸಿ ಮಣ್ಣು ಮುಚ್ತಾರೆ. ಬಿದ್ದ ನೀರನ್ನ ಅದು ಹೀರಿಕೊಂಡು ವಾರಗಟ್ಟಲೆ ಬೇರಿಗೆ ಕೊಡ್ತಿರುತ್ತೆ. ನಿಮ್ಮ ಹಿತ್ತಲಲ್ಲೇ ಮರ ಇದೆ, ಸಿಪ್ಪೆ ಬಿಸಾಡಬೇಡಿ. ಗಿಡದ ಪಾತಿಯ ಮೇಲೆ ಒಣಗಿದ ಎಲೆ ದಪ್ಪಗೆ ಹಾಸು. ಸುಡದೆ ಮಣ್ಣಿಗೇ ಕೊಟ್ಟರೆ ಕಾದ ನೆಲವೂ ಒಳಗೆ ತಂಪಾಗಿರುತ್ತೆ. ಮಗ ಕೈ ತೂರಿಸಿ ನೋಡಲಿ.

ತಮ್ಮ: ಮಡಕೆ ಹೂತು ನೀರು ಕೊಡೋದು ಅಂತಲೂ ಕೇಳಿದ್ದೀನಿ.

ಅಕ್ಕ: ಒಳ್ಳೇದು. ಬಣ್ಣ ಬಳಿಯದ ಸಣ್ಣ ಮಣ್ಣಿನ ಮಡಕೆ, ಕುತ್ತಿಗೆವರೆಗೆ ಹೂತು ನೀರು ತುಂಬಿ ಮುಚ್ಚಿಡಬೇಕು. ಮಣ್ಣು ಒಣಗಿದಷ್ಟೂ ಮಡಕೆ ಜಿನುಗುತ್ತೆ, ನೆಂದಿದ್ದರೆ ನಿಲ್ಲುತ್ತೆ. ಸುತ್ತ ನಾಲ್ಕು ಬಳ್ಳಿ ಊರು. ದಿನಾ ಬೆಳಗ್ಗೆ ಮುಚ್ಚಳ ತೆಗೆದು ಎಷ್ಟು ಇಳಿದಿದೆ ಅಂತ ಕಡ್ಡಿ ಇಳಿಬಿಟ್ಟು ನೋಡೋದು ಮಗಳ ಕೆಲಸ. ಇದರ ಜೊತೆ ಇನ್ನೊಂದು ಮಾಡಿಸು. ಗೊರೂರು ಜಲಾಶಯದ ಗರಿಷ್ಠ ಮಟ್ಟ 2,922 ಅಡಿ. ಇವತ್ತಿನ ಮಟ್ಟ ಪತ್ರಿಕೆಯಲ್ಲಿ ಕಂಡಾಗೆಲ್ಲ ಗೋಡೆ ಕ್ಯಾಲೆಂಡರ್‌ನಲ್ಲಿ ಅವಳೇ ಬರೀಲಿ. ಒಂದು ಕಡೆ ಮಡಕೆ, ಒಂದು ಕಡೆ ಅಣೆಕಟ್ಟೆ. ಸಕಲೇಶಪುರ, ಮೂಡಿಗೆರೆ ಕಡೆ ಮಳೆ ಹಿಡಿದ ಮೇಲೆ ಅಂಕಿ ಏರೋದನ್ನ ಕಂಡಾಗ ಹೊಳೆ ಎಲ್ಲಿಂದ ಬರುತ್ತೆ ಅಂತ ಯಾರೂ ಹೇಳಿಕೊಡಬೇಕಾಗಿಲ್ಲ.

ತಮ್ಮ: ಹುಟ್ಟೋದು ಮೂಡಿಗೆರೆ ತಾಲ್ಲೂಕಿನ ಬಲ್ಲಾಳರಾಯನ ದುರ್ಗದ ಹತ್ತಿರ ಅಲ್ವಾ?

ಅಕ್ಕ: ಹೌದು. ಅಲ್ಲಿಂದ 245 ಕಿಲೋಮೀಟರ್ ಹರಿದು ಕನ್ನಂಬಾಡಿ ಕಟ್ಟೆಯ ಹಿನ್ನೀರಲ್ಲಿ ಕಾವೇರಿ ಸೇರುತ್ತೆ. ನಡುವೆ ಯಗಚಿ ಬಂದು ಕೂಡುತ್ತೆ. ಒಂದು ದಿನ ಮಕ್ಕಳನ್ನ ಹಾಸನಕ್ಕೆ ರೈಲಲ್ಲಿ ಕರ್ಕೊಂಡು ಹೋಗು, ಮಾವಿನಕೆರೆ ಮೇಲೆ. ಕಾರಿಗಿಂತ ರೈಲು ಅವರಿಗೆ ಇಷ್ಟ ಆಗುತ್ತೆ. ಹಾಸನದಲ್ಲಿ ಮಹಾರಾಜ ಪಾರ್ಕಿನ ನೆರಳಲ್ಲಿ ಬುತ್ತಿ ಬಿಚ್ಚಿ, ಸಂಜೆ ರೈಲಿಗೆ ವಾಪಸ್.

ತಮ್ಮ: ಬಳ್ಳಿ ಹಬ್ಬಿದ ಮೇಲೆ ಮಕ್ಕಳಿಗೆ ಏನು ಕೆಲಸ?

ಅಕ್ಕ: ಆಗಲೇ ಇರೋದು ನಿಜವಾದ ಕೆಲಸ. ಎಳೇ ಎಲೆ ಬಂದ ತಕ್ಷಣ ಕೆಂಪು ದುಂಬಿ ಬಂದು ಜರಡಿ ಮಾಡಿಬಿಡುತ್ತೆ. ಬೆಳಗ್ಗೆ ಇಬ್ಬನಿ ಇರೋವಾಗ ಒಲೆಬೂದಿ ಉದುರಿಸಬೇಕು, ಎಲೆಗೆ ಅಂಟಿಕೊಳ್ಳುತ್ತೆ. ಹೂ ಬಿಟ್ಟ ಮೇಲೆ ಇನ್ನೂ ಚೆಂದ. ಕುಂಬಳದ ಹೂ ಬೆಳಗ್ಗೆ ಬೆಳಗ್ಗೆಯೇ ಅರಳಿ ಬಿಸಿಲೇರೋ ಹೊತ್ತಿಗೆ ಮುದುಡುತ್ತೆ. ಹೀರೆ ಹೂ ಅರಳೋದು ಸಂಜೆ, ಹಳದಿ. ಸೋರೆ ಸಂಜೆಯ ಮೇಲೆ, ಬಿಳಿ. ಪಡವಲ ಕತ್ತಲಾದ ಮೇಲೆ, ಅಂಚಿಗೆ ಕುಚ್ಚು ಕಟ್ಟಿದ ಬಿಳಿ ಹೂ. ಹಗಲು ಜೇನು ಬಂದರೆ, ರಾತ್ರಿ ಬಿಳಿ ಹೂಗಳಿಗೆ ಪತಂಗ ಬರುತ್ತೆ. ಮಕ್ಕಳನ್ನ ಟಾರ್ಚ್ ಕೊಟ್ಟು ಚಪ್ಪರದ ಕೆಳಗೆ ನಿಲ್ಲಿಸು. ಮೊಬೈಲ್ ಬಿಡಿಸೋಕೆ ನೀನು ಹೆಣಗಬೇಕಾಗಿಲ್ಲ.

ತಮ್ಮ: ನಮ್ಮ ಪಕ್ಕದ ಮನೆಯವರ ಕುಂಬಳ ಬಳ್ಳಿಯಲ್ಲಿ ಹೂ ಬಿಟ್ಟು ಉದುರುತ್ತಂತೆ, ಕಾಯಿ ಕಟ್ಟಲ್ವಂತೆ.

ಅಕ್ಕ: ಮೊದಲು ಬಿಡೋದೆಲ್ಲ ಗಂಡು ಹೂವೇ, ಅದು ಉದುರಲೇಬೇಕು. ಹೆಣ್ಣು ಹೂವಿನ ಹಿಂದೆ ಗೋಲಿಯಷ್ಟು ಪುಟ್ಟ ಕಾಯಿ ಇರುತ್ತೆ, ಅದನ್ನ ಗುರುತು ಹಿಡಿಯೋದನ್ನ ಮಕ್ಕಳಿಗೆ ಕಲಿಸು. ಪೇಟೆ ನಡುವೆ ಜೇನು ಕಡಿಮೆ ಆದರೆ ಕೈಯಲ್ಲೇ ಮಾಡಬೇಕು. ಬೆಳಗ್ಗೆ ಅರಳಿದ ಗಂಡು ಹೂ ಕಿತ್ತು, ಎಸಳು ಬಿಡಿಸಿ, ನಡುವಿನ ಪರಾಗವನ್ನ ಹೆಣ್ಣು ಹೂವಿನ ಒಳಗೆ ಮೆಲ್ಲಗೆ ಸವರಬೇಕು. ಮಗಳ ಸಣ್ಣ ಬೆರಳಿಗೆ ಇದು ಹೇಳಿ ಮಾಡಿಸಿದ ಕೆಲಸ. ತಾನು ಕಟ್ಟಿಸಿದ ಕಾಯಿಯನ್ನ ಪಲ್ಯ ಮಾಡಿದರೆ ತಿನ್ನಲ್ಲ ಅನ್ನೋ ಮಗುವನ್ನ ನಾನು ನೋಡಿಲ್ಲ.

ತಮ್ಮ: ಸಂಡಿಗೆ, ಹಪ್ಪಳ ಈ ವರ್ಷ ಮಾಡ್ತೀಯಾ? ಅಮ್ಮ ಇದ್ದಾಗ ಬೇಸಿಗೆ ಅಂದರೆ ಅದೇ ನೆನಪು.

ಅಕ್ಕ: ಬೂದುಗುಂಬಳ ಇಟ್ಟಿದ್ದೀನಿ, ಅರಳೂ ಇದೆ. ಅರಳು ಸಂಡಿಗೆಗೆ ಕೈ ಬೇಕು, ಎಲ್ಲರೂ ಬಂದ ದಿನ ಮಾಡೋಣ. ಆದರೆ ಈಗ ನಮ್ಮಲ್ಲಿ ಹೊಗೆಸೊಪ್ಪಿನ ಸಸಿಮಡಿ ಕೆಲಸ ಬಿಡುವು ಕೊಡಲ್ಲ. ನೀವೇ ರಾಮನಾಥಪುರಕ್ಕೆ ಬನ್ನಿ. ಬೆಳಗ್ಗೆ ಮಕ್ಕಳು ಸಸಿಗೆ ನೀರು ಚಿಮುಕಿಸಲಿ, ಆಮೇಲೆ ರಾಮೇಶ್ವರ ದೇವಸ್ಥಾನದ ಹತ್ತಿರ ಕಾವೇರಿಗೆ ಹೋಗಿ ಮೀನಿಗೆ ಪುರಿ ಹಾಕೋಣ. ಅಲ್ಲಿ ಯಾರೂ ಬಲೆ ಹಾಕಲ್ಲ, ಮಹಶೀರ್ ಮೀನುಗಳು ಮೆಟ್ಟಿಲವರೆಗೂ ಬರ್ತವೆ. ಎಷ್ಟೋ ಕಾಲದಿಂದ ಜನ ಕಾಪಾಡಿಕೊಂಡು ಬಂದಿದ್ದಾರೆ. ಹೊಳೆಯನ್ನ ಹೇಗೆ ಇಟ್ಕೋಬೇಕು ಅನ್ನೋದಕ್ಕೆ ನಮ್ಮ ಅರಕಲಗೂಡು ತಾಲ್ಲೂಕಿನಲ್ಲೇ ಕಣ್ಣೆದುರು ಇರೋ ಉದಾಹರಣೆ ಅದು.

ತಮ್ಮ: ರುದ್ರಪಟ್ಟಣ ಅಲ್ಲೇ ಹತ್ತಿರ ಅಲ್ವಾ?

ಅಕ್ಕ: ಹತ್ತಿರವೇ. ಆರ್.ಕೆ. ಶ್ರೀಕಂಠನ್, ರುದ್ರಪಟ್ಟಣಂ ಸಹೋದರರು ಎಲ್ಲ ಆ ಊರಿನವರು. ಆರ್.ಕೆ. ಪದ್ಮನಾಭ ಅವರು ಮುಂದೆ ನಿಂತು ತಂಬೂರಿಯ ಆಕಾರದಲ್ಲೇ ಕಟ್ಟಿಸಿದ ಮಂದಿರ ಇದೆ, ಮಕ್ಕಳಿಗೆ ಅದು ತುಂಬ ಹಿಡಿಸುತ್ತೆ. ಬೇಸಿಗೆಯಲ್ಲಿ ಅಲ್ಲಿ ಸಂಗೀತೋತ್ಸವ ನಡೆಯುತ್ತೆ. ದಿನ ಕೂಡಿ ಬಂದರೆ ಸಂಜೆ ಕೂತು ಕೇಳೋಣ. ಕೊಣನೂರಿನ ತೂಗುಸೇತುವೆ ಮೇಲೆ ಒಂದು ಸಲ ಆಚೆ ಈಚೆ ನಡೆದರೆ ಚಿಕ್ಕೋನು ವರ್ಷವಿಡೀ ಅದನ್ನೇ ಹೇಳ್ತಾನೆ.

ತಮ್ಮ: ಅಕ್ಕ, ಒಂದು ವಿಷಯ ನನ್ನ ಮನಸ್ಸಲ್ಲಿ ಕೊರೀತಾನೇ ಇದೆ. ಹೊಳೆ ತೋರಿಸು ಅಂತೀಯ. ಪ್ರತಿ ಬೇಸಿಗೆಯಲ್ಲೂ ಹೊಳೆಗೆ ಈಜೋಕೆ ಇಳಿದ ಮಕ್ಕಳ ಸುದ್ದಿ ಓದ್ತೀವಿ. ನನ್ನ ಹೆಂಡತಿಗಂತೂ ಹೊಳೆ ಅಂದರೆ ಎದೆ ಡವಡವ.

ಅಕ್ಕ: ಅವಳ ಹೆದರಿಕೆ ಸರಿಯಾದದ್ದೇ, ಅದನ್ನ ಹೀಗಳೆಯಬೇಡ. ಇಳಿದ ಹೊಳೆ ತುಂಬಿದ ಹೊಳೆಗಿಂತ ಮೋಸ. ಮೇಲೆ ಮೊಣಕಾಲುದ್ದ ನೀರು, ಮರಳು ತೆಗೆದ ಕಡೆ ಆಳೆತ್ತರ ಗುಂಡಿ. ಮೇಲಿನ ಕಟ್ಟೆಯಿಂದ ನೀರು ಬಿಟ್ಟರೆ ನೋಡನೋಡ್ತಾ ಮಟ್ಟ ಏರುತ್ತೆ. ಕಾಲುವೆಯಂತೂ ಇನ್ನೂ ಅಪಾಯ, ಇಳಿಜಾರು ಪಾಚಿಗಟ್ಟಿದ್ದರೆ ಇಳಿದವರು ಹತ್ತೋಕೆ ಆಗಲ್ಲ. ಮಕ್ಕಳು ಹೊಳೆಗೆ ಇಳಿಯೋದು ಬೇಡವೇ ಬೇಡ. ದಂಡೆ ಮೇಲೆ ಕೂರೋದು, ಬಂಡೆ ಮೇಲಿನ ಕೊಕ್ಕರೆ ನೋಡೋದು, ಕಲ್ಲು ಆರಿಸೋದು, ಅಷ್ಟೇ. ಒಬ್ಬ ದೊಡ್ಡವರು ಮಕ್ಕಳ ಮೇಲೆ ಕಣ್ಣಿಟ್ಟೇ ಇರಬೇಕು, ಫೋನ್ ಜೇಬಲ್ಲಿರಬೇಕು. ಮತ್ತೆ, ಈಜು ಕಲಿಸು. ಹಾಸನದಲ್ಲೋ ಮೈಸೂರಲ್ಲೋ ಹೇಳಿಕೊಡೋರ ಹತ್ತಿರ ಈಜುಕೊಳದಲ್ಲಿ ಈ ರಜೆಯಲ್ಲೇ ಸೇರಿಸು. ನೀರಾಟದ ಪಾರ್ಕಿಗೆ ಕೊಡೋ ದುಡ್ಡು ಅದಕ್ಕೆ ಹಾಕು.

ತಮ್ಮ: ಅದು ಅವಳಿಗೂ ಒಪ್ಪಿಗೆ ಆಗುತ್ತೆ. ಹಾಗಾದರೆ ಸಮುದ್ರ ಮುಂದಿನ ವರ್ಷಕ್ಕೆ ಇಟ್ಕೋತೀನಿ. ಮೊದಲು ಯಾವುದು?

ಅಕ್ಕ: ಶೆಟ್ಟಿಹಳ್ಳಿ. ಮುಂಗಾರು ಹಿಡಿದ ಮೇಲೆ ಹಿನ್ನೀರು ಏರಿಬಿಡುತ್ತೆ, ಮಿಕ್ಕಿದ್ದೆಲ್ಲ ಆಮೇಲೂ ಆಗುತ್ತೆ. ಈ ಭಾನುವಾರ ಬೆಳಗ್ಗೆ ಆರಕ್ಕೆ ನೀವು ಆ ಕಡೆಯಿಂದ ಹೊರಡಿ, ನಾವು ಅರಕಲಗೂಡು ಮೇಲೆ ಗೊರೂರಿಗೆ ಬರ್ತೀವಿ. ಮಕ್ಕಳಿಗೆ ಟೋಪಿ, ಆಡೋಕೆ ಹಳೇ ಚಪ್ಪಲಿ. ನೀರು ಮನೆಯಿಂದಲೇ ತುಂಬಿಸಿ ತನ್ನಿ, ಪ್ಲಾಸ್ಟಿಕ್ ಬಾಟಲಿ ಅಲ್ಲಿ ಬಿಟ್ಟು ಬರೋದು ಬೇಡ.

ತಮ್ಮ: ಬೀಜ?

ಅಕ್ಕ: ಹೀರೆ, ಪಡವಲ ನಮ್ಮ ಮನೆಯದೇ ಇದೆ, ಬೂದಿ ಸೇರಿಸಿ ಡಬ್ಬಿಯಲ್ಲಿಟ್ಟಿದ್ದೀನಿ. ಅವತ್ತೇ ಕೊಡ್ತೀನಿ. ಅಷ್ಟರಲ್ಲಿ ನೀನು ಎರಡು ಮಡಕೆ ತಂದು, ಗುಣಿ ತೋಡಿ, ಚಪ್ಪರಕ್ಕೆ ಗಳ ಹೊಂದಿಸಿಟ್ಟಿರು.